ಕೊಪ್ಪರದವರ ಕೂಸು

೧೯೯೬ ಫೆಬ್ರವರಿ ೧೧, ಭಾನುವಾರ

ವೇದಿಕೆಯ ಮೇಲೆ ಇಲ್ಲದ ಅಧ್ಯಕ್ಷರೇ, ವೇದಿಕೆಯೇ ಇಲ್ಲವಾದ್ದರಿಂದ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇರುವ ಮುಖ್ಯ ಅತಿಥಿಗಳೇ, ಸೇಲಂ ನಗರದ ಗುಗೈ ಬೀದಿಗಳ ಸಮಸ್ತ ಕನ್ನಡ ಮಹಾಜನಗಳೇ, ಮತ್ತು ಮಗ್ಗದ ಗುಂಡಿಯಲ್ಲಿ ಮಲಗಿರುವ ಬೆಕ್ಕೇ,

ಇಂದಿನ ಉಪನ್ಯಾಸದ ವಿಷಯ: ಕೊಪ್ಪರಪ್ಪ ಎಂಬ ಹೆಸರಿನ ಅರ್ಥ ಮತ್ತು ಮೂಲ. ಉಪನ್ಯಾಸಕರು ಸ್ವತಃ ಕೊಪ್ಪರಪ್ಪನವರು. ಬಿ.ಎ., ಕನ್ನಡ ಮಾಧ್ಯಮ, ಎರಡನೇ ದರ್ಜೆ. ಕೊಳ್ಳೇಗಾಲದ ಸೋದರಮಾವನ ಮನೆಯ ಅನ್ನ, ಮೈಸೂರಿನ ಕಾಲೇಜಿನ ಜ್ಞಾನ. ಈಗ ಕೈಮಗ್ಗದ ಸೊಸೈಟಿಯಲ್ಲಿ ಸೀರೆಗಳನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದ ಕಡೆ ಬೆರಳು ತೋರಿಸಿ ನೇಕಾರರಿಂದ ಬೈಸಿಕೊಳ್ಳುವುದು ಇವರ ಉದ್ಯೋಗ. ಪ್ರಾಸದ ಹುಚ್ಚು ಉಂಟು. ಮಾದರಿಗೆ ಒಂದು:

ಕೊಪ್ಪರಪ್ಪ, ಕೊಪ್ಪರಪ್ಪ,
ಹೆಸರು ಯಾರು ಇಟ್ಟರಪ್ಪ?
ಅಜ್ಜನಲ್ಲ, ಅಪ್ಪನಲ್ಲ,
ಒಂದು ಮೊರದ ತವುಡಪ್ಪ.

ಚಪ್ಪಾಳೆಗೆ ವಂದನೆಗಳು.

ವಿಷಯ ಇವತ್ತೇ ಏಕೆ ಎತ್ತಿಕೊಂಡೆ ಎಂದರೆ, ಆಸ್ಪತ್ರೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ನಮ್ಮ ಅಕ್ಕನಿಗೆ ಮೂರು ದಿನದಿಂದ ಉಸಿರು ಕಟ್ಟುತ್ತಿದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ; ನನ್ನನ್ನು ಹೆತ್ತವಳು, ಚೌಡಮ್ಮ. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಕಾರಣ ಮುಂದೆ ಬರುತ್ತದೆ, ಸಭಿಕರು ಸಹಕರಿಸಬೇಕು. ಮಂಚದ ಪಕ್ಕ ನಿಂತಿದ್ದ ನನ್ನನ್ನು ನೋಡಿ ನರ್ಸು ಅಕ್ಕನನ್ನು ತಮಿಳಿನಲ್ಲಿ ಕೇಳಿದಳು, "ಇವರು ಯಾರಮ್ಮಾ? ನಿಮ್ಮ ಪಿಳ್ಳೆಯಾ?" ಪಿಳ್ಳೆ ಎಂದರೆ ಮಗ.

ಉಸಿರಿಗೇ ಒದ್ದಾಡುತ್ತಿದ್ದ ಅಕ್ಕ ಇದಕ್ಕೆ ಮಾತ್ರ ಎದ್ದು ಕೂತಳು.

"ಪಿಳ್ಳೆ ಇಲ್ಲೆಮ್ಮಾ. ಕೊಪ್ಪರದೋರ ಕೂಸು ಅದು. ನಾ ಸಾಕಿದ್ದು, ಅಷ್ಟೆ."

ಸಂಬಂಧಿಕರಲ್ಲದವರಿಗೆ ಒಳಗೆ ಜಾಗವಿಲ್ಲ ಎಂದು ನರ್ಸು ನನ್ನನ್ನು ಹೊರಗೆ ಅಟ್ಟಿದಳು. ನನ್ನ ಹೆಂಡತಿ ಮಂಜುಳ ಸೊಸೆ ಎಂದು ಹೇಳಿ ಒಳಗೇ ಉಳಿದಳು. ಮಗನಲ್ಲದವನ ಹೆಂಡತಿ ಸೊಸೆ ಹೇಗಾದಳು ಎಂದು ನರ್ಸು ಕೇಳಲಿಲ್ಲ. ನಾನು ಬೇವಿನ ಮರದ ಕೆಳಗೆ, ನಲ್ಲಿಯ ಪಕ್ಕ, ಸಾಯಂಕಾಲದವರೆಗೆ ಕೂತಿದ್ದೆ.

ಬೇಸರವೇನಿಲ್ಲ. ಇದು ಶುದ್ಧ ಸಂಶೋಧನೆ.

ಫೆಬ್ರವರಿ ೧೩, ಮಂಗಳವಾರ

ಮಹಾಜನಗಳೇ, ಈ ನಾಡಿನಲ್ಲಿ ಅಡ್ಡಹೆಸರು ಎಂಬ ಪದಾರ್ಥವಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ, ಒಂದು ಚುಕ್ಕೆ, ಆಮೇಲೆ ನಾವು. ಆದರೆ ನಮ್ಮ ಕನ್ನಡದ ನೇಕಾರರಿಗೆ ಒಂದೊಂದು ಮನೆತನದ ಹೆಸರಿದೆ. ಹೆಣ್ಣು ಕೇಳುವಾಗ ಮತ್ತು ಹೆಣ ಎತ್ತುವಾಗ ಅದು ಹೊರಗೆ ಬರುತ್ತದೆ, ಉಳಿದ ದಿನ ಅಟ್ಟದ ಮೇಲಿರುತ್ತದೆ. ನಾವು ಸುಣ್ಣದವರು. ಕೊಪ್ಪರದವರು ಬೇರೆ ಮನೆ. ಕೊಪ್ಪರ ಎಂದರೆ ನೂಲಿಗೆ ಬಣ್ಣ ಕಾಯಿಸುವ ದೊಡ್ಡ ತಾಮ್ರದ ಹಂಡೆ.

ಸುಣ್ಣದವರ ಮನೆಯಲ್ಲಿ ಹುಟ್ಟಿದವನ ನೆತ್ತಿಯ ಮೇಲೆ ಈ ಹಂಡೆ ಕೂತದ್ದು ಹೀಗೆ. ನನಗಿಂತ ಮುಂಚೆ ಹುಟ್ಟಿದ ಮೂರು ಗಂಡು ತೊಟ್ಟಿಲಲ್ಲೇ ಹೋದವು. ಹಾಗಾದ ಮನೆಯವರು ಮುಂದಿನ ಕೂಸನ್ನು, ಮಕ್ಕಳು ಉಳಿಯುವ ಮನೆಯವರಿಗೆ ಮಾರುತ್ತಾರೆ. ಬೆಲೆ ಒಂದು ಮೊರ ತವುಡು. ಕೊಂಡವರು ತಮ್ಮ ಮನೆತನದ ಹೆಸರನ್ನೇ ಕೂಸಿಗೆ ಇಡುತ್ತಾರೆ. ಸುಣ್ಣದವರ ಕೂಸನ್ನು ಹುಡುಕಿಕೊಂಡು ಬಂದ ಸಾವು, ಇದು ಯಾರದೋ ಎಂದುಕೊಂಡು ಬಾಗಿಲಿನಿಂದಲೇ ತಿರುಗಬೇಕು. ಆಮೇಲೆ ಕೊಂಡವರು ಕೂಸನ್ನು ಹೆತ್ತವಳ ಮಡಿಲಿಗೇ ಹಾಕಿ, "ನಮ್ಮ ಕೂಸು, ನೀನು ಸಾಕಿಕೊಡು" ಎನ್ನುತ್ತಾರೆ. ಅಲ್ಲಿಂದ ಹೆತ್ತವಳು ಅದನ್ನು ಮಗ ಎನ್ನುವಂತಿಲ್ಲ. ಕೂಸು ಬೆಳೆದು ಮದುವೆಗೆ ನಿಂತಾಗ ತವುಡು ವಾಪಸು ಕೊಟ್ಟು ಬಿಡಿಸಿಕೊಳ್ಳುತ್ತಾರೆ.

ನನ್ನನ್ನು ಬಿಡಿಸಿಕೊಳ್ಳಲಿಲ್ಲ. ಅಕ್ಕ ಇವತ್ತಿನವರೆಗೂ ನನ್ನನ್ನು ಮಗನೇ ಎಂದಿಲ್ಲ.

ಪದವೀಧರನಾದ ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂಬುದನ್ನು ಸಭೆಯ ಗಮನಕ್ಕೆ ತರುತ್ತೇನೆ.

ಮಗಳು ಕಲೈಸೆಲ್ವಿ ಕಾಲೇಜಿನಿಂದ ಬಂದಾಗ ಇದನ್ನೆಲ್ಲ ಹೇಳಿದೆ. "ಎನ್ನಪ್ಪಾ ನೀಂಗ! ಪಾಟಿಗೆ ಉಸಿರೇ ಬರ್ತಿಲ್ಲ, ನಿಮಗೆ ಹೆಸರಿನ ಆರಾಯ್ಚಿಯಾ?" ಎಂದಳು. ಪಾಟಿ ಎಂದರೆ ಅಜ್ಜಿ, ಆರಾಯ್ಚಿ ಎಂದರೆ ಸಂಶೋಧನೆ. ಉಸಿರು, ಹೆಸರು. ಪ್ರಾಸ ಅವಳಿಗೂ ರಕ್ತದಲ್ಲೇ ಇದೆ, ಅವಳಿಗೆ ಗೊತ್ತಿಲ್ಲ.

ಫೆಬ್ರವರಿ ೧೮, ಭಾನುವಾರ

ಅಕ್ಕನನ್ನು ಮನೆಗೆ ಕರೆತಂದೆವು. ಎದೆ ದಣಿದಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಮಂಜುಳನಿಗೆ ಹೇಳಿದರಂತೆ. ನನಗೆ ಹೇಳಲಿಲ್ಲ, ನಾನು ಹೊರಗಿನವನಲ್ಲವೇ.

ಮಗ್ಗದ ಕೋಣೆಯಲ್ಲೇ ಹಾಸಿಗೆ ಹಾಸಿದೆವು. ಮಗ್ಗದ ಸದ್ದಿಲ್ಲದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಮಂಜುಳ ನೇಯುತ್ತಿದ್ದಳು, ಅಕ್ಕ ಕಣ್ಣು ಮುಚ್ಚಿಕೊಂಡೇ "ಎಳೆ ಓಯ್ತು ನೋಡು" ಎಂದಳು. ಹೋಗಿತ್ತು.

ಮಂಜುಳ ನೀರು ತರಲು ಎದ್ದಾಗ ಕೇಳಿದೆ.

"ಅಕ್ಕಾ, ನನ್ನ ಯಾಕೆ ಬಿಡಿಸ್ಕೊಳ್ಲಿಲ್ಲ?"

"ಎಲ್ಲಿಂದ?"

"ಕೊಪ್ಪರದೋರಿಂದ."

"ಕಾಪಿ ಆರೋಯ್ತೈತೆ, ಕುಡಿ."

"ಈಗ್ಲಾದ್ರೂ ಬಿಡಿಸ್ಕೊ."

"ಈಗ್ಯಾಕ್ಲಾ?" ಎಂದಳು. ನನ್ನನ್ನಲ್ಲ, ನನ್ನ ಹಿಂದಿನ ಗೋಡೆಯನ್ನು ನೋಡುತ್ತ, ಯಾರಿಗೋ ಊರಿನ ಸುದ್ದಿ ಹೇಳುವವಳ ಹಾಗೆ, "ಕೊಪ್ಪರಪ್ಪ ಚೆನ್ನಾಗವ್ನೆ. ಮನೆ ಐತೆ, ಮಗಳವಳೆ. ಏನಾಗೈತೆ ಅವನ್ಗೆ?"

ಕಾಫಿ ಆರಿಯೇ ಹೋಗಿತ್ತು.

ಫೆಬ್ರವರಿ ೨೪, ಶನಿವಾರ

ಮಂಜುಳ ಇವತ್ತು ಹೇಳಿದ್ದು. ನಮ್ಮ ಮದುವೆಯ ಹಿಂದಿನ ದಿನ ಕೊಪ್ಪರದ ಮುದುಕಿ ಪುಟ್ಟವ್ವ, ನನ್ನನ್ನು ಕೊಂಡವಳು, ಮೆಟ್ಟೂರಿನಿಂದ ಬಂದಿದ್ದಳಂತೆ. ಮೊರದಲ್ಲಿ ತವುಡು ಸಿದ್ಧವಾಗಿತ್ತಂತೆ. ಅಕ್ಕ ಜ್ವರ ಎಂದು ಉಗ್ರಾಣದ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳಂತೆ. ಮುಹೂರ್ತ ಮುಗಿದ ಮೇಲೇ ತೆಗೆದದ್ದಂತೆ.

"ನಿಮಗೆ ಗೊತ್ತಿಲ್ವಾ?" ಎಂದಳು.

"ನನ್ನ ಮುಖದ ಮುಂದೆ ಬಾಸಿಂಗ ಇತ್ತು. ನಿನ್ನನ್ನೇ ಸರಿಯಾಗಿ ನೋಡಲಿಲ್ಲ, ಇನ್ನು ಉಗ್ರಾಣ."

ಅವಳು ನಗಲಿಲ್ಲ. "ಅವರಿಗೆ ಹೆದರಿಕೆ ಕಣ್ರೀ. ನನ್ನ ಮಗ, ನನ್ನ ಮಗ ಅಂತ ಮೂರು ಸಲ ಬಾಯಿ ತುಂಬ ಅಂದ್ರು, ಮೂರೂ ಹೋದವು. ನಾಲ್ಕನೇದನ್ನ ಬಾಯಿಗೆ ತರೋಕೆ ಅವರಿಗೆ ಧೈರ್ಯ ಇಲ್ಲ. ಬಿಟ್ಟುಬಿಡಿ ಅವರನ್ನ."

ಬಿಡಬೇಕು ಎಂದೇ ಇದ್ದೇನೆ. ಆದರೂ, ಸಭಿಕರೇ, ಒಂದು ಮಾತು. ಎರಡೇ ಅಕ್ಷರದ ಪದ. ಸೊಸೈಟಿಯ ಕಾವಲುಗಾರ ತನ್ನ ಮಗನನ್ನು ದಿನಕ್ಕೆ ಹತ್ತು ಸಲ ಹಾಗೆ ಕರೆದು ಹತ್ತು ಸಲವೂ ಬೈಯುತ್ತಾನೆ. ನನಗೆ ಬೈಗುಳದ ಜೊತೆಗೆ ಬಂದರೂ ಅಡ್ಡಿಯಿಲ್ಲ. ಅವಳು ಹೋಗುವುದರೊಳಗೆ ಒಮ್ಮೆ ಕೇಳಿಸಬೇಕು. ಪುಟ್ಟವ್ವ ಸತ್ತು ಬಹಳ ಕಾಲವಾಯಿತು, ಸೊಸೆ ಒಬ್ಬಳು ಮೆಟ್ಟೂರಿನಲ್ಲಿದ್ದಾಳಂತೆ. ಮುಂದಿನ ಭಾನುವಾರ ಹೋಗುತ್ತೇನೆ.

ಸಂಶೋಧನೆಗೆ ಕ್ಷೇತ್ರಕಾರ್ಯ ಅಗತ್ಯ.

ಮಾರ್ಚ್ ೩, ಭಾನುವಾರ

ಅಕ್ಕನಿಗೆ ಗಂಜಿ ಕುಡಿಸಿ, ಅವಳ ಮಾತ್ರೆಗಳನ್ನು ಮಂಜುಳನಿಗೆ ಒಪ್ಪಿಸಿ ಬೆಳಗಿನ ಬಸ್ಸು ಹಿಡಿದೆ. ಮೇಚೇರಿ ದಾಟಿದ ಮೇಲೆ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. ಮೆಟ್ಟೂರಿನ ಗಾಳಿಯಲ್ಲಿ ಕಾರ್ಖಾನೆಯ ವಾಸನೆ, ಬಟ್ಟೆಗೆ ಹಾಕುವ ಬಿಳಿ ಪುಡಿಯಂಥದು. ಕೊಪ್ಪರದವರ ಮನೆ ಕೊಳತ್ತೂರು ರಸ್ತೆಯಲ್ಲಿ, ಸುಲಭವಾಗಿ ಸಿಕ್ಕಿತು.

ಬಾಗಿಲಲ್ಲಿ ಒಬ್ಬ ಗಟ್ಟಿ ಹೆಂಗಸು ಮೀನು ಸೀಳುತ್ತ ಕೂತಿದ್ದಳು. ಅವಳೇ ಪುಟ್ಟವ್ವನ ಸೊಸೆ, ಕುಪ್ಪಮ್ಮ.

"ಯಾರ್ಲಾ ಅದು, ಬೆಳಕಿಗೆ ಅಡ್ಡ?"

"ಕೊಪ್ಪರಪ್ಪ."

"ಯಾವ ಕೊಪ್ಪರಪ್ಪ?"

ಮಹಾಜನಗಳೇ, ನಲವತ್ತೈದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ.

"ನಮ್ಮತ್ತೆ ಹೆತ್ತವು ಒಂದೂ ಓಗ್ಲಿಲ್ಲ," ಎಂದಳು ಕುಪ್ಪಮ್ಮ, ಕತ್ತಿ ಕೆಳಗಿಡದೆ. "ಅದಕ್ಕೆ ಸುತ್ತಿನೋರೆಲ್ಲ ಕೂಸ ಎತ್ಕೊಂಡು ಬತ್ತಿದ್ರು. ಕೊಳತ್ತೂರಾಗೆ ಒಬ್ಬ ಕೊಪ್ಪರಪ್ಪ ಅವ್ನೆ, ಬಸ್ ಡ್ರೈವರು. ಪಾಪಿರೆಡ್ಡಿಪಟ್ಟೀಲಿ ಕೊಪ್ಪರಮ್ಮ ಅಂತ ಒಬ್ಳು, ಬಾಯಿ ನಂಗಿಂತ ಜೋರು. ನೀ ಯಾವ್ದು?"

"ಸೇಲಂ. ಸುಣ್ಣದ ಚೌಡಮ್ಮನ..." ಎಂದು ನಿಂತೆ. ಮುಂದಿನ ಪದ ಹಾಕಬೇಕೋ ಬೇಡವೋ ತಿಳಿಯಲಿಲ್ಲ.

"ಚೌಡತ್ತೆ ಕೂಸಾ ನೀನು!" ಕತ್ತಿ ಕೆಳಗೆ ಬಂತು. "ನಮ್ಮತ್ತೆ ಸಾಯೋ ತಂಕ ಹೇಳ್ತಿದ್ಲು, ಎಲ್ಲಾ ಬಿಡಿಸ್ಕೊಂಡೋದ್ರು, ಆ ಸೇಲಂ ಕೂಸು ಒಂದು ನಮ್ಮನೇಲೇ ಉಳೀತು ಅಂತ. ಅಂಗಾದ್ರೆ ನಾನು ನಿಂಗೆ ಅತ್ತಿಗೆ ಕಣೊ. ಬಾ ಒಳಗೆ. ಹೆಸರು ಕೇಳಿ ನಗಬ್ಯಾಡ. ನನ್ನ ಹುಟ್ಟಿದ ದಿನ ಕುಪ್ಪೇಲಿ, ತಿಪ್ಪೆ ಮ್ಯಾಲೆ, ಹಾಕಿ ಎತ್ಕೊಂಡ್ರು, ಅದಕ್ಕೆ ಕುಪ್ಪಮ್ಮ. ನೀನಾದ್ರೂ ತಾಮ್ರದಾಗೆ ಬಿದ್ದೆ."

ಉಂಡಾದ ಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋದಳು. ಬಚ್ಚಲ ಒಲೆಯ ಮೇಲೆ ಒಂದು ದೊಡ್ಡ ಹಂಡೆ. ಹೊರಗೆಲ್ಲ ಮಸಿ, ಅಂಚು ಸೊಟ್ಟ, ತಳದಲ್ಲಿ ಬೆಸುಗೆ.

"ಅಗೋ, ನಿನ್ನ ಹೆಸರು. ನೋಡ್ಕೊ."

ಅಣೆಕಟ್ಟು ಕಟ್ಟಿದಾಗ ಅವರ ಊರು ನೀರಿನೊಳಗೆ ಹೋಯಿತಂತೆ. ಮಗ್ಗ ಬಿಚ್ಚಲು ಪುರುಸೊತ್ತಿರಲಿಲ್ಲ. ಗಾಡಿಯ ಮೇಲೆ ಈ ಹಂಡೆ ಇಟ್ಟು, ಹಂಡೆಯೊಳಗೆ ಸಣ್ಣ ಮಕ್ಕಳನ್ನು ಕೂರಿಸಿ ಪಾಲಮಲೆಯ ಬುಡದ ದಾರಿಯಲ್ಲಿ ನಡೆದು ಬಂದರಂತೆ. ಆಗ ಬಣ್ಣದ ಕೆಲಸ ನಿಂತದ್ದು ನಿಂತೇ ಹೋಯಿತು. ಈಗ ಸ್ನಾನದ ನೀರು ಕಾಯುತ್ತದೆ. ನಾನು ಬಗ್ಗಿ ನೋಡಿದೆ. ಬಿಸಿನೀರಿನ ಆವಿಗೆ ಕನ್ನಡಕ ಮಂಜಾಯಿತು, ಏನೂ ಕಾಣಿಸಲಿಲ್ಲ.

ಬಿಡಿಸಿಕೊಳ್ಳುವ ಶಾಸ್ತ್ರಕ್ಕೆ ಮುಂದಿನ ಭಾನುವಾರ ಬರುತ್ತೇನೆ ಎಂದಳು. ಬಸ್ಸಿನ ತನಕ ಬಂದು, ಮತ್ತೆ ಕೇಳಿದಳು.

"ನೀ ಅವಳ್ನ ಏನಂತ ಕರೀತೀಯ?"

"ಅಕ್ಕ ಅಂತ."

"ಅಯ್ಯೋ ಪೈತ್ಯಕಾರಾ! ಕಟ್ಟು ಇರೋದು ಹೆತ್ತೋಳ ಬಾಯಿಗೆ. ಕೂಸಿನ ಬಾಯಿಗೆ ಯಾರು ಬೀಗ ಹಾಕ್ತಾರೆ? ಆ ಪಾಪಿರೆಡ್ಡಿಪಟ್ಟಿಯೋಳು ಅವ್ವಾ ಅವ್ವಾ ಅಂತ ಬಡ್ಕೊಂಡೇ ಬೆಳೆದ್ಲು. ನಿಂಗೇನಾಗಿತ್ತು?"

"ಅಭ್ಯಾಸ," ಎಂದೆ.

ಬಸ್ಸು ಬಂತು.

ಮಾರ್ಚ್ ೬, ಬುಧವಾರ

ಕುಪ್ಪಮ್ಮ ಬರುತ್ತಾಳೆ ಎಂದು ಅಕ್ಕನಿಗೆ ಹೇಳಿದೆ. ಏಕೆ ಎಂದು ಕೇಳಲಿಲ್ಲ. "ಮೀನು ತರ್ತಾಳಾ?" ಎಂದಳು. ಅವ್ವನ ಕಾಲು ಊದಿಕೊಂಡಿದೆ. ಕಾಗದದ ಮೇಲೆ ಹಾಗೆ ಬರೆಯಬಹುದು, ಯಾರಿಗೂ ಕೇಳಿಸುವುದಿಲ್ಲ. ಮಂಜುಳ ಮಿಲ್ಲಿನಿಂದ ತವುಡು ತಂದಿಟ್ಟಿದ್ದಾಳೆ, ಹೊಸದು, ಇನ್ನೂ ಬೆಚ್ಚಗಿದೆ.

ಮಾರ್ಚ್ ೧೦, ಭಾನುವಾರ

ಕುಪ್ಪಮ್ಮ ಬಂದಳು. ನನ್ನ ಚಿಕ್ಕಪ್ಪನ ಮಗ ಕೃಷ್ಣಪ್ಪ, ಸುಣ್ಣದವರ ಪೈಕಿ ಹಿರಿಯ ಗಂಡಸೊಬ್ಬ ಇರಬೇಕೆಂದು, ಒಗೆದ ಪಂಚೆ ಉಟ್ಟು ಬಂದ. ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ಮಂಜುಳ ತಲೆ ಬಾಚಿ ಹೂ ಮುಡಿಸಲು ಹೋದರೆ, ಗಂಡ ಸತ್ತೋಳಿಗೆ ಏನಿದು ಎಂದು ಗದರಿದಳು. ದನಿ ಇನ್ನೂ ಗಟ್ಟಿಯಾಗಿಯೇ ಇತ್ತು.

ತವುಡಿನ ಮೊರವನ್ನು ಅವಳ ಮಡಿಲಲ್ಲಿಟ್ಟರು. ನಾನು ಅವಳ ಮತ್ತು ಕುಪ್ಪಮ್ಮನ ನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ನಗು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ನಿನ್ನ ತವುಡು ನಿನಗೆ, ನನ್ನ ಮಗ ನನಗೆ, ಅನ್ನು ಚೌಡತ್ತೆ," ಎಂದಳು ಕುಪ್ಪಮ್ಮ. "ಅಷ್ಟೇಯ. ಒಂದೇ ಉಸಿರು."

ಅವ್ವ ತವುಡಿನಲ್ಲಿ ಬೆರಳಾಡಿಸಿದಳು. ನನ್ನನ್ನು ನೋಡಿದಳು, ಗೋಡೆಯನ್ನಲ್ಲ, ನನ್ನನ್ನೇ. ಬಾಯಿ ತೆರೆಯಿತು.

ಆಮೇಲೆ ಮೊರವನ್ನು ಮಡಿಲಿನಿಂದ ಇಳಿಸಿ ಪಕ್ಕಕ್ಕೆ ತಳ್ಳಿದಳು.

"ಕುಪ್ಪಮ್ಮ, ನಾನು ಇನ್ನೇನು ಓಗೋಳು. ಇವತ್ತು ಇವನ್ನ ತಗೊಂಡು ನಾಳೆ ನಾ ಓದ್ರೆ, ಇವ್ನು ತಾಯಿ ಇಲ್ದೋನಾಗ್ತಾನೆ. ನಿಮ್ಮನೇಲಿ ಜನ ಅವ್ರೆ. ಅಲ್ಲೇ ಇರ್ಲಿ."

ಕುಪ್ಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ದೊಡ್ಡ ಕತ್ತೆನ ನಾ ತಗೊಂಡು ಏನ್ ಮಾಡ್ಲಿ ಚೌಡತ್ತೆ?"

"ಉಂಡ್ಯಾ ಅಂತ ಕೇಳು. ಸಾಕು."

ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡ. "ದೊಡ್ಡವ್ವಾ, ಕೋಪ ಮಾಡ್ಕೊಬ್ಯಾಡ. ಇವ್ನು ಕೊಪ್ಪರದೋನಾಗೇ ಉಳಿದ್ರೆ, ನಾಳೆ ನಿಂಗೆ ಕೊಳ್ಳಿ ಯಾರಿಡೋದು?"

"ನೀನಿಡು," ಎಂದಳು ಅವ್ವ. "ಸತ್ತೋಳಿಗೇನು ಗೊತ್ತಾಯ್ತೈತೆ ಯಾರಿಟ್ರು ಅಂತ?"

ಅಷ್ಟು ಹೇಳಿ ಮಲಗಿಸು ಎಂದು ಮಂಜುಳನಿಗೆ ಸನ್ನೆ ಮಾಡಿದಳು. ಕಲೈಸೆಲ್ವಿ ಅಡಿಗೆಮನೆಗೆ ಓಡಿದಳು. ಹೆಸರು ಅಂದರೆ ಬರೀ ಹೆಸರು ಎನ್ನುವ ಹುಡುಗಿ, ಅಲ್ಲಿ ಕೊಡದ ಪಕ್ಕ ನಿಂತು ಅಳುತ್ತಿದ್ದಳು.

ಸಂಜೆ ಮಂಜುಳ ತವುಡನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿದಳು.

ಮಾರ್ಚ್ ೧೪, ಗುರುವಾರ

ಅವ್ವ ಎರಡು ಚಮಚ ಗಂಜಿ ಕುಡಿದಳು. ಸೊಸೈಟಿಗೆ ರಜೆ ಹಾಕಿದ್ದೇನೆ. ಮಂಜುಳ ನೇಯುತ್ತಾಳೆ, ಅವ್ವ ಕೇಳುತ್ತಾಳೆ, ನಾನು ಅವ್ವನ ಕಾಲು ಒತ್ತುತ್ತೇನೆ. ಇವತ್ತು ಎಳೆ ಹೋಯಿತು; ಅವಳು ಹೇಳಲಿಲ್ಲ.

ಪ್ರಾಸ ಹೊಳೆಯುತ್ತಿಲ್ಲ. ಹುಡುಕಲೂ ಇಲ್ಲ.

ಮಾರ್ಚ್ ೨೦, ಬುಧವಾರ

ಸೋಮವಾರ ಮಧ್ಯಾಹ್ನ ಅವ್ವ ಹೋದಳು.

ಮಂಜುಳ ಅಂಗಡಿಗೆ ಹೋಗಿದ್ದಳು. ಮಗಳು ಕಾಲೇಜಿನಲ್ಲಿ. ಬೀದಿಯ ಉಳಿದ ಮಗ್ಗಗಳ ಸದ್ದು ಬರುತ್ತಿತ್ತು, ನಮ್ಮದು ನಿಂತಿತ್ತು. "ಕೊಪ್ಪರಪ್ಪಾ, ಇದೀಯಾ?" ಎಂದಳು. "ಇದೀನಿ ಅಕ್ಕಾ," ಎಂದೆ. "ನನ್ನ ಮ್ಯಾಲೆ ಕೋಪ ಐತಾ?" "ಇಲ್ಲ ಅಕ್ಕಾ." ಅವಳು ತಲೆಯಾಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಯಾರೋ ಮಾತು ಅರ್ಧಕ್ಕೆ ನಿಲ್ಲಿಸಿದಾಗ ಉಳಿದರ್ಧಕ್ಕೆ ಕಾಯುತ್ತಾರಲ್ಲ, ಹಾಗೆ. ನಾನು ಅವಳ ಕೈ ಹಿಡಿದುಕೊಂಡಿದ್ದೆ, ನೀರು ಬೇಕಾ ಎಂದು ಕೇಳಿದೆ. ಬೇಡ ಎಂದಳು. ಅದೇ ಕೊನೆಯ ಮಾತು.

ಕುಪ್ಪಮ್ಮ ಸಂಜೆಯೊಳಗೆ ಬಂದಳು. ಬೀದಿಯ ಕೆಲವರು ಈ ಕಾಲದಲ್ಲಿ ಇದೇನು, ಹೆತ್ತ ಮಗನೇ ಮುಂದೆ ನಡೆಯಲಿ ಎಂದರು. "ಅವಳ ಮಾತು ಮೀರಬ್ಯಾಡಿ," ಎಂದು ಕುಪ್ಪಮ್ಮ ಅಡ್ಡ ನಿಂತಳು. ಕೃಷ್ಣಪ್ಪ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ನಾನು ಹಿಂದೆ, ನೆರೆಯವರ ಜೊತೆ, ಚಪ್ಪಲಿ ಬಿಟ್ಟು ನಡೆದೆ. ಸೊಸೈಟಿಯ ಒಬ್ಬ ನೇಕಾರ, ಸೇಲಂಗೆ ಹೊಸಬ, ಹೋದವರು ನಿಮಗೆ ಏನಾಗಬೇಕು ಸಾರ್ ಎಂದು ಮೆಲ್ಲಗೆ ಕೇಳಿದ. ಸಾಕಿದವರು ಎಂದೆ.

ಎರಡು ದಿನದಿಂದ ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ. ಆ ಒಂದು ಮಾತು ಆಡದೆ ಹೋದಳಲ್ಲ ಎನ್ನುತ್ತಾರೆ. ನಾನೂ ಹೌದು ಎಂದು ತಲೆಯಾಡಿಸುತ್ತೇನೆ.

ಸಾಕು. ಸಭೆಯೂ ಇಲ್ಲ, ಸಂಶೋಧನೆಯೂ ಇಲ್ಲ. ಕುಪ್ಪಮ್ಮನಿಗೆ ಅಭ್ಯಾಸ ಎಂದದ್ದು ಸುಳ್ಳು. ನನ್ನ ಬಾಯಿಗೆ ಯಾವ ಕಟ್ಟೂ ಇರಲಿಲ್ಲ. ಅವಳು ಕಾಯುತ್ತಿದ್ದದ್ದು ಯಾವ ಪದಕ್ಕೆ ಎಂದು ನನಗೆ ಗೊತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಅಂದುಬಿಟ್ಟರೆ ನಾನು ಸಾಯುತ್ತೇನೆ ಎಂದು ಹೆದರಿದೆ.